ಆಮೆನ್ ತನಕ

ಆರಿದ ಬತ್ತಿಯ ವಾಸನೆ ಇನ್ನೂ ಹೋಗಿಲ್ಲ, ಕಿಟಕಿ ತೆಗೆದರೂ ಹೋಗಿಲ್ಲ, ಮೂಲೆಯಲ್ಲಿ ಆಕ್ಸಿಜನ್ ಮಷೀನು ಮತ್ತೆ ಗುಂಯ್‌ಗುಡುತ್ತಿದೆ, ದೇವರೇ, ಗುಂಯ್‌ಗುಡಲಿ, ನಿಲ್ಲದಿರಲಿ — ಸಾವಿತ್ರಿಬಾಯಿ ಅಕ್ಕನ ಮೂಗಿಗೆ ನಳಿಗೆ ಸಿಕ್ಕಿಸಿ ಸೊಸೆ ಸ್ನೇಹಲತಾ ಬೆನ್ನು ನೀವುತ್ತಿದ್ದಾಳೆ, ಅತ್ತಿ, ಉಸಿರ ತಗೋರಿ, ಮೂಗಿಲೆ, ಹಾಂ ಹಂಗ — ಅಕ್ಕನ ಬೆರಳಿಗೆ ಕಚ್ಚಿಸಿದ, ಆಕ್ಸಿಜನ್ ಅಳೆಯುವ ಸಣ್ಣ ಯಂತ್ರದ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ, ನಾನು ನಿಂತಲ್ಲಿಂದ ಕಾಣುವುದಿಲ್ಲ, ಕಾಣುವುದು ಆ ಬೆರಳ ತುದಿ ಮಾತ್ರ, ಒಳಗಿನಿಂದ ಕೆಂಪಗೆ ಬೆಳಗುತ್ತಿದೆ, ಎಲುಬು ಚರ್ಮ ಎಲ್ಲ ದಾಟಿ ಬರುವ ಕೆಂಪು, ಅದೇ ಬೆರಳು, ಅದೇ — ಬಾಗಿಲಲ್ಲಿ ಪಕ್ಕದ ಮನೆಯ ತೆಲುಗಿನವಳು, ಏಮೈಂದಮ್ಮಾ, ಏನಾಯಿತಮ್ಮಾ ಅಂತಾಳೆ, ಏನಿಲ್ಲ, ಏಂಲೇದು, ಅಂತಾರೆ ಕೂತಿದ್ದವರು, ಅವಳನ್ನು ಒಳಗೆ ಕರೆಯುವುದಿಲ್ಲ, ನಾಚಿಕೆ ಎಲ್ಲರಿಗೂ ಇದೆ, ಆದರೆ ನನ್ನದು ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಸುಭದ್ರಮ್ಮ ಭಾಳ ಚೆಂದ ಹೇಳಿದ್ರಿ ಅಂತ ಹಿಂದಿನಿಂದ ಯಾರೋ ಈಗಲೂ ಅನ್ನುತ್ತಾರೆ, ಈಗಲೂ! ಡಿಸೆಂಬರಿನ ಮನೆಮನೆ ಪ್ರಾರ್ಥನೆ, ಇವತ್ತಿನ ಸರದಿ ನಾಚಾರಂ ಬಡಾವಣೆಯ ಸಾವಿತ್ರಿಬಾಯಿಯ ಮನೆ, ಬೈಬಲಿನ ಬೆಳಕಿನ ವಚನಗಳ ದಿನ, ಫ್ಯಾನು ನಿಲ್ಲಿಸಿ ಪರದೆ ಎಳೆದು ಒಂದು ಮೇಣದಬತ್ತಿ ಹಚ್ಚಿ ನಾನು ಕಣ್ಣು ಮುಚ್ಚಿ ಹೇಳಬೇಕು, ಎಲ್ಲರೂ ಕಣ್ಣು ಮುಚ್ಚಿ ಕೇಳಬೇಕು, ವಚನ ಅರ್ಧಕ್ಕೆ ಬಿಡಬಾರದು, ಆಮೆನ್ ತನಕ ಕಣ್ಣು ತೆರೆಯಬಾರದು, ಅದು ಅಪ್ಪನ ಮಾತು, ಬೀದರ ಕಡೆಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳದ ನಡುವೆ, ಓದು ಬಾರದ ಅಪ್ಪ, ಪಾದ್ರಿಗಳ ಬಾಯಿಂದ ಕೇಳಿ ಕೇಳಿ ಎದೆಯಲ್ಲಿ ಇಟ್ಟುಕೊಂಡ ಅಪ್ಪ, ನಾನು ಅವನಿಂದ ಕೇಳಿ ಇಟ್ಟುಕೊಂಡೆ, ಕೇಳುವುದೊಂದೇ ನನಗೆ ಬರುತ್ತಿದ್ದುದು, ಕೇಳುವವಳು ನಾನು, ಅಡುಗೆಮನೆಯಲ್ಲಿ ಹಾಲು ಉಕ್ಕುವ ಮುಂಚೆಯೇ ನನಗೆ ಕೇಳಿಸುತ್ತದೆ, ಹಾಗಾದರೆ ಅಕ್ಕನ ಉಸಿರು —

ಸ್ನೇಹಲತಾ ಮೊದಲೇ ನನಗೆ ಹೇಳಿದ್ದಳು, ಎಷ್ಟು ಮೆತ್ತಗೆ ಹೇಳಿದ್ದಳು, ಸುಭದ್ರತ್ತಿ, ಈ ಮಷೀನ ಇರೂ ಖೋಲ್ಯಾಗ ಬೆಂಕಿ ಹಚ್ಚಬಾರದಂತ ಡಾಕ್ಟರ್ ಹೇಳ್ಯಾರ್ರಿ, ಬ್ಯಾಟರಿ ಮೇಣದಬತ್ತಿ ತಂದೀನಿ, ನೋಡ್ರಿ, ಹಂಗ ಮಿಣಮಿಣ ಅಂತದ — ಅವಳ ಅಂಗೈಯಲ್ಲಿ ಆ ಬಿಳಿ ಪ್ಲಾಸ್ಟಿಕ್ಕು, ಸುಳ್ಳು ಜ್ವಾಲೆ ಅಲ್ಲಾಡುತ್ತಿತ್ತು, ನಾನು ನಕ್ಕೆ, ಎಲ್ಲರಿಗೂ ಕೇಳುವಂತೆ ನಕ್ಕೆ, ಆಟಿಗಿ ಸಾಮಾನದ ಮುಂದ ವಚನ ಹೇಳಾಕ ನನ್ನಿಂದ ಆಗಂಗಿಲ್ಲವ್ವ, ಖರೇ ಬೆಳಕು ಬೇಕು — ಖರೇ ಬೆಳಕು, ನನ್ನ ಬಾಯಿ, ನನ್ನ ಈ ಬಾಯಿ. ಸಾವಿತ್ರಿಬಾಯಿ ಅಕ್ಕನೇ ರಾಜಿ ಮಾಡಿದಳು, ಮಂಚದ ಮೇಲೆ ದಿಂಬಿಗೊರಗಿ, ಎರಡ ನಿಮಿಷ ಬಂದ್ ಮಾಡ್ ಸ್ನೇಹಾ, ನಾ ಏನ್ ಸಾಯಂಗಿಲ್ಲ, ಆದ್ರ ಲಗೂ ಮುಗಸ್ ಸುಭದ್ರಾ, ನೀ ಶುರು ಮಾಡಿದ್ರ ಒಳಗ ಪೂರಿ ತಣ್ಣಗಾಗ್ತಾವ, ಎಲ್ಲರೂ ನಕ್ಕರು, ಸ್ನೇಹಲತಾ ನಳಿಗೆ ತೆಗೆದಳು, ಮಷೀನು ಆರಿತು, ಮೇಣದಬತ್ತಿ ಹತ್ತಿತು. ಮೊದಲ ವಚನಗಳಷ್ಟೇ ಹೇಳುವುದೆಂದು ಮಾತು, ಕರ್ತನೊಳಗೆ ಜೀವವಿತ್ತೆಂದೂ ಆ ಜೀವವೇ ಮನುಷ್ಯರಿಗೆ ಬೆಳಕಾಯಿತೆಂದೂ ಹೇಳುವಷ್ಟು, ಕತ್ತಲೆಗೆ ಅದನ್ನು ನುಂಗಲಾಗಲಿಲ್ಲ ಎಂಬಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ, ಯಾಕೆಂದರೆ ಯಾರೋ ಬಿಕ್ಕಿದರು, ಸಭೆಯ ದ್ಯಾವಪ್ಪ ಹಿರಿಯರು ಸ್ತೋತ್ರ ಕರ್ತನೇ ಅಂದರು, ಇವತ್ತು ಧ್ವನಿ ಎಷ್ಟು ತುಂಬಿ ಬರುತ್ತಿದೆ ಅಂತ ನನಗೇ ಕೇಳಿಸುತ್ತಿತ್ತು, ಮುಂದಿನದಕ್ಕೆ ಹೋದೆ, ಅದರ ಮುಂದಿನದಕ್ಕೆ, ಮತ್ತು ಕೇಳಿಸಿತು, ಮಂಚದ ಕಡೆಯಿಂದ, ತಿದಿ ಒತ್ತಿದ ಹಾಗೆ, ತೂತು ಬಿದ್ದ ತಿದಿ, ಕೇಳಿಸಿತು, ಭಕ್ತಿಯ ಬಿಕ್ಕು ಅಂದುಕೊಂಡೆ — ಇಲ್ಲ, ಅಂದುಕೊಳ್ಳಲಿಲ್ಲ, ಅಂದುಕೊಳ್ಳಬೇಕು ಅಂದುಕೊಂಡೆ, ಆಗ ಮಂಚಕ್ಕೆ ತಾಗಿ ನಿಂತಿದ್ದ ನನ್ನ ಸೆರಗನ್ನು ಎಳೆಯಿತು. ಒಂದು ಬೆರಳು. ನಿಧಾನಕ್ಕೆ, ಮಗು ಎಳೆಯುವ ಹಾಗೆ, ಮತ್ತೊಮ್ಮೆ, ಆ ಯಂತ್ರ ಕಚ್ಚಿದ ಬೆರಳೇ, ಅದರ ಗಟ್ಟಿ ಅಂಚು ನನ್ನ ಸೊಂಟಕ್ಕೆ ತಗುಲಿತು, ಮುಚ್ಚಿದ ರೆಪ್ಪೆಯ ಸಂದಿನಲ್ಲಿ ಕೆಂಪು ಕಂಡೆ, ಕಂಡು ಏನು ಮಾಡಿದೆ, ಆ ಕೈ ಹಿಡಿದೆ, ತಟ್ಟಿದೆ, ಇರು ಅಕ್ಕ, ಇನ್ನೊಂಚೂರು ಅನ್ನುವ ಹಾಗೆ ತಟ್ಟಿದೆ, ತಟ್ಟಿ ಹಾಸಿಗೆಯ ಮೇಲೆ ವಾಪಸ್ ಇಟ್ಟೆ, ಕೃಪೆಯೂ ಸತ್ಯವೂ ಎಂಬಲ್ಲಿ ಧ್ವನಿ ಇನ್ನೂ ಏರಿಸಿದೆ. ಜೀವ ನನ್ನ ಸೆರಗು ಹಿಡಿದು ಎಳೆಯುತ್ತಿತ್ತು, ನಾನು ಬೆಳಕಿನ ವಿಷಯ ಹೇಳುತ್ತಿದ್ದೆ. ಆಮೆನ್ ಎಂದು ಎಲ್ಲರೂ ಕಣ್ಣು ತೆರೆದಾಗ ಅಕ್ಕನ ತುಟಿ ನೇರಳೆಯಾಗಿತ್ತು, ತಲೆ ಒಂದು ಕಡೆಗೆ ಜಾರಿತ್ತು, ಸ್ನೇಹಲತಾ ಚೀರಿದಳು, ಬೆಂಕಿ ನಂದಿಸಿ ಮಷೀನು ಹಚ್ಚಿದಳು.

ಈಗ ದ್ಯಾವಪ್ಪ ಹಿರಿಯರು ಅವಳನ್ನೇ ಬೈಯುತ್ತಿದ್ದಾರೆ, ಏನವ್ವ ನೀ, ಮಷೀನ ಬಂದ್ ಮಾಡಿ ಅತ್ತಿ ಕಡೆ ಲಕ್ಷ್ಯ ಬ್ಯಾಡೇನ, ಕಣ್ಣ ಮುಚ್ಚಿ ಕುಂತ್ರ ಆತೇನ, ನಿನ್ನ ಗಂಡ ಡ್ಯೂಟಿಯಿಂದ ಬಂದು ಕೇಳಿದ್ರ ಏನ್ ಹೇಳ್ತಿ — ಹುಡುಗಿ ತಲೆ ಎತ್ತುವುದಿಲ್ಲ, ಹೌದ್ರಿ, ತಪ್ಪ ನಂದ, ನಾನ ನೋಡಬೇಕಿತ್ತು, ಅಂತಾಳೆ, ಕಣ್ಣೀರು ಅಕ್ಕನ ಕಂಬಳಿಗೆ ಬೀಳುತ್ತದೆ, ಅಪ್ಪಾ, ನನಗೆ ಇಷ್ಟು ವಚನ ಕಲಿಸಿದೆ, ಒಂದಾದರೂ ಬಾಯಿಗೆ ಬರಲಿ, ಬರುವುದಿಲ್ಲ, ಅಕ್ಕ ಕಣ್ಣು ತೆರೆದಿದ್ದಾಳೆ, ಮಾತಾಡುವಷ್ಟು ಉಸಿರಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಅವಳಿಗೂ ನನಗೂ ಬಿಟ್ಟು ಇದು ಯಾರಿಗೂ ಗೊತ್ತಿಲ್ಲ, ಅವಳು ಹೇಳುವವಳೂ ಅಲ್ಲ. ಅಂಕಿ ಏರಾಕತ್ತೇತಿ ಏರಾಕತ್ತೇತಿ, ಯಾರೋ ಅಂದರು, ಸ್ತೋತ್ರ, ಸ್ತೋತ್ರ, ಸುಭದ್ರಮ್ಮ, ಕರ್ತ ಉಳಿಸ್ಯಾನ, ಮುಗಿಸೂ ಪ್ರಾರ್ಥನಾ ನೀವ ಮಾಡ್ರಿ, ಅಂದು ದ್ಯಾವಪ್ಪನವರು ಕಣ್ಣು ಮುಚ್ಚಿದರು, ಎಲ್ಲರೂ ಮುಚ್ಚಿದರು, ಸ್ನೇಹಲತಾಳೂ, ನನ್ನ ರೆಪ್ಪೆ ಮುಚ್ಚುತ್ತಿಲ್ಲ, ಕರ್ತನೇ, ಅಂದೆ, ಸ್ತೋತ್ರ, ಅಂದರು ದ್ಯಾವಪ್ಪನವರು, ಅಕ್ಕ ನನ್ನ ಸೆರಗ ಎಳದಳು, ಅಂದೆ, ಸ್ತೋತ್ರ, ನನಗ ತಿಳೀತು, ಉಸಿರು ಕೇಳಿಸ್ತು, ನಾ ಕೈ ತಟ್ಟಿ ಮುಂದ ಹೇಳಿದೆ, ಈ ಹುಡುಗೀದು ತಪ್ಪಿಲ್ಲ — ಸ್ತೋತ್ರ ಬರಲಿಲ್ಲ, ಯಾರಿಂದಲೂ ಬರಲಿಲ್ಲ, ಆಮೆನ್ ಅಂದಿಲ್ಲ ನಾನು, ಆದರೂ ಒಬ್ಬೊಬ್ಬರದೇ ಕಣ್ಣು ತೆರೆಯುತ್ತಿದೆ, ಸ್ನೇಹಲತಾಳ ಒದ್ದೆ ಕಣ್ಣು ನನ್ನ ಮೇಲಿದೆ, ಅಲ್ಲಿ ನೋಡಲಾರೆ, ಅಕ್ಕನ ಮುಖ ನೋಡಲಾರೆ, ಬೆರಳು, ಹಾಸಿಗೆಯ ಅಂಚಿಗೆ ಬಂದು ನಿಂತ ಆ ಬೆರಳು, ನನ್ನ ಸೆರಗಿನ ಹತ್ತಿರ, ಎಳೆಯದೆ, ಸುಮ್ಮನೆ, ಒಳಗಿನಿಂದ ಕೆಂಪಗೆ, ಕೆಂಪಗೆ