ಧೊಪ್ಪಿಯ ಹನ್ನೆರಡು ತುಂಡು

ನಾಯಿಗಳ ಆರೈಕೆಯವಳು ಹತ್ತು ದಿನದ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಬಂದು ಮೊದಲು ನೋಡಿದ್ದು ಗೋಡೆಯ ಮೇಲಿನ ಪಟ್ಟಿಯನ್ನು. ಧೊಪ್ಪಿ ಎಂಬ ನಾಯಿ ಎಷ್ಟು ಸಲ ಬಿತ್ತೆಂಬ ಸಾಲಿನಲ್ಲಿ ಎರಡು, ಒಂದು, ಎರಡು, ಸೊನ್ನೆ. ರಜೆಗೆ ಮುಂಚೆ ಅಲ್ಲಿ ಎಂಟಕ್ಕಿಂತ ಕಡಿಮೆ ಇದ್ದದ್ದೇ ಇಲ್ಲ.

"ನೋಡಿದ್ಯಾ? ಹೊಸ ಮಾತ್ರೆ ನಾಟಿದೆ!" ಡಾಕ್ಟರಮ್ಮ ಮೂರು ವರ್ಷದಲ್ಲಿ ಹೀಗೆ ನಕ್ಕಿರಲಿಲ್ಲ. "ಮಧ್ಯಾಹ್ನ ವರದಿ ಕಳಿಸ್ತೀನಿ. ನಾಳೆಯಿಂದ ಉಳಿದ ಆರು ನಾಯಿಗೂ ಇದೇ ಮಾತ್ರೆ."

ಅವಳೂ ನಗಲು ಹೋದಳು. ಆದರೆ ಕಣ್ಣು ಮತ್ತೆ ಪಟ್ಟಿಗೇ ಹೋಯಿತು.

ಧೊಪ್ಪಿ ಹುಟ್ಟಿನಿಂದಲೇ ಹಾಗೆ. ಎಚ್ಚರವನ್ನು ಹಿಡಿದು ನಿಲ್ಲಿಸುವ ಒಂದು ರಾಸಾಯನಿಕ ಮಿದುಳಿನಲ್ಲಿ ಇರುತ್ತದಂತೆ. "ಕೀಲಿಕೈ ಸರಿಯಾಗಿದೆ ಕಣೇ, ಬೀಗ ಕೆಟ್ಟಿದೆ" ಎಂದು ಡಾಕ್ಟರಮ್ಮ ಒಮ್ಮೆ ಬಿಡಿಸಿ ಹೇಳಿದ್ದರು. ರಾಸಾಯನಿಕ ಇದ್ದರೂ ಅದನ್ನು ಬರಮಾಡಿಕೊಳ್ಳುವ ಜಾಗ ಕೆಲಸ ಮಾಡುವುದಿಲ್ಲ. ಹಾಗಾಗಿ ಕನಸಿನ ಹೊತ್ತಿಗೆ ಸಡಿಲಬೇಕಾದ ಮೈ ಹಾಡಹಗಲೇ, ಖುಷಿ ಉಕ್ಕಿದೊಡನೆ ಸಡಿಲುತ್ತದೆ. ತಿಂಡಿ ಕಂಡರೆ ಸಾಕು, ಧೊಪ್! ಕಣ್ಣು ಪಿಳಿಪಿಳಿ ಬಿಡುತ್ತಾ, ಎಲ್ಲ ತಿಳಿಯುತ್ತಾ ಬಿದ್ದಿರುತ್ತದೆ. ಅದಕ್ಕೇ ಈ ಪರೀಕ್ಷೆ. ನೆಲದ ಮೇಲೆ ಸಾಲಾಗಿ ಹನ್ನೆರಡು ತುಂಡು ಮಾಂಸ ಇಡುವುದು, ತಿಂದು ಮುಗಿಸುವಷ್ಟರಲ್ಲಿ ಎಷ್ಟು ಸಲ ಬಿತ್ತೆಂದು ಬರೆಯುವುದು.

ಅದಕ್ಕೆ ಮುಂಚೆ ನಾಯಿಯನ್ನು ಮುದ್ದಿಸಕೂಡದು, ಅದು ನಿಯಮ. ಅವಳು ದಿನಾ ಮುದ್ದಿಸುತ್ತಿದ್ದಳು. ಕಿವಿಯ ಹಿಂದೆ ಕೆರೆಯುತ್ತಾ, ಒಂದೇ ಒಂದು ನಿಮಿಷ.

ಅವಳು ಗೇಟಿಗೆ ಓಡಿದಳು. "ಮಾಮ, ನಾನಿಲ್ಲದಾಗ ಧೊಪ್ಪಿಗೆ ತುಂಡು ಇಟ್ಟಿದ್ದು ನೀವೇನಾ?"

"ಮತ್ತಿನ್ಯಾರು, ನಿಮ್ಮಜ್ಜೀನಾ?" ಎಂದ ವಾಚ್‌ಮನ್. "ಇಟ್ಟೆ, ಗದರಿದೆ, ತಿಂತು. ನನ್ನ ಮುಖ ನೋಡಿದ್ರೆ ನನ್ನ ಹೆಂಡ್ತಿಗೇ ಖುಷಿ ಆಗಲ್ಲ, ಇನ್ನು ನಾಯಿಗೆ ಆಗುತ್ತಾ?"

ನಾಯಿ ಬೀಳದೆ ನಿಂತಿದ್ದು ಮಾತ್ರೆಯಿಂದಲೋ, ಮಾಮನ ಮುಖದಿಂದಲೋ?

ತೊಳೆದ ಬಟ್ಟಲನ್ನೇ ಮೂರು ಸಲ ತೊಳೆದಳು. ಬಾಯಿಬಿಟ್ಟರೆ ಬಣ್ಣಗೇಡು, ಮೂರು ವರ್ಷದ ಅಂಕಿಗಳ ಜೊತೆ ಕೆಲಸವೂ ಹೋದೀತು. ಸುಮ್ಮನಿದ್ದರೆ ಆರು ನಾಯಿಗಳು ಬರಿದೇ ಮಾತ್ರೆ ನುಂಗುತ್ತವೆ. ಇದೇ ಕಾಯಿಲೆಯ ಮನುಷ್ಯರೂ ಇದ್ದಾರಲ್ಲ, ನಾಳೆ ಅವರು? ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಒದ್ದೆ ಕೈಯಲ್ಲೇ ಹೋಗಿ ಬಾಗಿಲು ತಟ್ಟಿದಳು.

"ಮೇಡಂ, ಕಳಿಸೋ ಮುಂಚೆ ಒಂದ್ಸಲ ನಾನು ಇಡ್ತೀನಿ. ನೀವೇ ಎಣಿಸಿ."

ಧೊಪ್ಪಿಯ ಕೋಣೆಯ ಮುಂದಿನ ಓಣಿಯಲ್ಲಿ ಅವಳ ಚಪ್ಪಲಿ ಸದ್ದಾದದ್ದೇ ತಡ, ಒಳಗೆ ಧೊಪ್ ಎಂದಿತು. ಮಾಂಸದ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಆಮೇಲೆ ಹನ್ನೆರಡು ತುಂಡಿಗೆ ಎಂಟು ಸಲ.

"ಬೆಳಿಗ್ಗೆ ಮಾತ್ರೆ ತಿಂದಿದೆ ತಾನೇ?"

"ಮಾಮ ಕೊಟ್ಟಿದ್ದಾರೆ." ಅವಳು ಡಬ್ಬಿಯ ಮುಚ್ಚಳ ಮುಚ್ಚಿದಳು. "ನಾನು ಇದನ್ನ ಮುದ್ದು ಮಾಡ್ತಿದ್ದೆ ಮೇಡಂ. ಪರೀಕ್ಷೆಗೆ ಮುಂಚೆ. ಎಲ್ಲೂ ಬರೆದಿಲ್ಲ."

"ಮೂರು ವರ್ಷ?"

"ಮೂರು ವರ್ಷ."

ಡಾಕ್ಟರಮ್ಮನ ಮುಖದಲ್ಲಿ ಬೆಳಗಿನ ನಗುವಿನ ಸುಳಿವೂ ಉಳಿದಿರಲಿಲ್ಲ. ಅವರು ಪಟ್ಟಿಯ ಅಂಚಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು 'ಇಟ್ಟವರು ಯಾರು' ಎಂದು ಬರೆದರು.

"ಹದಿನೈದು ದಿನ ಮಾತ್ರೆ ಕೊಟ್ಟು, ಹದಿನೈದು ದಿನ ಕೊಡದೆ. ಎರಡೂ ಸಲ ಮಾಮನೇ ಇಡ್ಲಿ. ಅಲ್ಲಿವರೆಗೂ ಇದು ನಿನ್ನ ನೋಡ್ಬಾರದು, ನಿನ್ನ ದನಿ ಕೇಳ್ಬಾರದು."

"ನನ್ನ ಕೆಲಸ...?"

"ಯಾಕೆ, ಉಳಿದ ಆರು ನಾಯಿ ಉಪವಾಸ ಬೀಳ್ಬೇಕಾ? ಹೋಗು. ಹಳೇ ಪಟ್ಟಿಗಳನ್ನೆಲ್ಲ ತಗೊಂಡು ಬಾ, ಯಾವ್ಯಾವ ದಿನ ನೀನು ಇಟ್ಟಿದ್ದೆ ಅಂತ ಹೇಳುವಿಯಂತೆ."

ಸಂಜೆ ಮನೆಗೆ ಹೊರಟಾಗ ಅವಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡಳು. ಉಸಿರು ಬಿಗಿಹಿಡಿದು, ಬರಿಗಾಲಲ್ಲಿ ಧೊಪ್ಪಿಯ ಬಾಗಿಲು ದಾಟಿದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಮೂಗೊಂದು ಸುರ್‌ಸುರ್ ಎಂದು ಮೂಸಿತು. ಆಮೇಲೆ, ಧೊಪ್.

ಇದನ್ನೂ ಬರೆಯಬೇಕಲ್ಲ ಎಂದುಕೊಂಡು ಅವಳು ಚಪ್ಪಲಿ ಕೆಳಗಿಟ್ಟು ಪೆನ್ನು ಹುಡುಕತೊಡಗಿದಳು.