ಹಕ್ಕಿಗೆ ಹೇಳಬೇಕಾದ ಸುದ್ದಿ

ಕಿಲೋಕು ಸತ್ತ ಸುದ್ದಿಯನ್ನು ನಾನು ಎಲ್ಲರಿಗೂ ಹೇಳಿದೆ. ಮಗನಿಗೆ ಹೇಳಿದೆ, ಸೊಸೆಗೆ ಹೇಳಿದೆ, ಡೋಲ್ಡೋಲ್ ಪೇಟೆಯಲ್ಲಿ ಉಪ್ಪು ಮಾರುವವಳಿಗೂ ಹೇಳಿದೆ. ಎಲ್ಲವನ್ನೂ ಮಸಾಯಿ ಮಾತಿನಲ್ಲಿ ಹೇಳಿದ್ದು. ಅವರಿಗೆ ಅರ್ಥವಾಗುವುದು ಅದು. ನಮ್ಮ ಯಾಕು ಮಾತಿನಲ್ಲಿ ಆ ಸುದ್ದಿ ಇನ್ನೂ ನನ್ನ ಬಾಯಿಂದ ಹೊರಬಿದ್ದಿರಲಿಲ್ಲ. ಯಾರಿಗೆ ಹೇಳಲಿ? ಮುಕೊಗೊಡೊ ಕಾಡಿನ ಈ ಅಂಚಿನಲ್ಲಿ ಆ ಮಾತು ಆಡುವವರು ಉಳಿದದ್ದು ನಾನು ಮತ್ತು ನನ್ನ ಅಣ್ಣ ಕಿಲೋಕು. ಸತ್ತವನಿಗೇ ಅವನ ಸಾವಿನ ಸುದ್ದಿ ಹೇಳಲಾಗುತ್ತದೆಯೇ?

ಆದರೆ ಹೇಳಲೇಬೇಕಾದ ಒಂದು ಜೀವ ಉಳಿದಿತ್ತು. ನಮ್ಮಲ್ಲಿ ಜೇನುಗಾರ ಸತ್ತರೆ ಜೇನು ತೋರಿಸುವ ಹಕ್ಕಿಗೆ ತಿಳಿಸಬೇಕು. ತಿಳಿಸದಿದ್ದರೆ ಅದು ಅವನ ದಾರಿ ಕಾಯುತ್ತಲೇ ಇರುತ್ತದೆ, ಕಾಯುವವರು ಇರುವ ತನಕ ಸತ್ತವನಿಗೆ ಬಿಡುಗಡೆಯಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಸಿಕ್ಕ ಸಿಕ್ಕ ಕಡೆ ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಹಕ್ಕಿಯನ್ನು ನಮ್ಮ ಮಾತಿನಲ್ಲಿ ಕರೆಯಬೇಕು, ಅದು ಮುಂದೆ ಮುಂದೆ ಹಾರಿ ಜೇನಿನ ತನಕ ಕರೆದೊಯ್ಯಬೇಕು, ಅದರ ಪಾಲಿನ ಮೇಣವನ್ನು ಕಲ್ಲಿನ ಮೇಲಿಡಬೇಕು. ಸಾವಿನ ಮಾತು ಆಮೇಲೆ. ಹೇಳಿದಾಗ ಜೊತೆಯಲ್ಲಿದ್ದವರು ‘ಕೇಳಿಸಿತು’ ಎನ್ನಬೇಕು. ಅಲ್ಲಿಗೆ ಸಾವು ಮುಗಿಯಿತು. ಅಪ್ಪ ಸತ್ತಾಗ ಹಕ್ಕಿಗೆ ಹೇಳಿದವನು ಕಿಲೋಕು, ‘ಕೇಳಿಸಿತು’ ಎಂದವಳು ನಾನು.

ಹಾಗಾಗಿ ಮಳೆ ನಿಂತ ಮೇಲೆ ದಿನಾ ಬೆಳಿಗ್ಗೆ ಕಾಡಿಗೆ ಹೋಗಿ ಕರೆಯತೊಡಗಿದೆ. ಮೊದಲು ಉದ್ದನೆಯ ಸಿಳ್ಳೆ, ಆಮೇಲೆ ಅಪ್ಪ ಕಲಿಸಿದ ಮಾತು: ಬಾರೋ ತಮ್ಮಾ, ಜೇನು ನನಗೆ, ಮೇಣ ನಿನಗೆ. ಹೆಂಗಸರು ಸಿಳ್ಳೆ ಹಾಕಬಾರದು ಎನ್ನುತ್ತಾರೆ. ಗಂಡಸರು ಹಾಕಿದ್ದರೆ ನಾನೇಕೆ ಹಾಕುತ್ತಿದ್ದೆ?

ಹಕ್ಕಿ ಬರಲಿಲ್ಲ. ನನ್ನ ಸಿಳ್ಳೆ ಸೊಸೆ ರೆಸಿಯಾಟೋಳ ಕಿವಿಗೆ ಮಾತ್ರ ಬಿತ್ತು. ಅವಳು ದನಗಾರರ ಮಗಳು, ಹುಟ್ಟಿದ್ದೇ ಹಸುಗಳ ನಡುವೆ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ.

“ಅತ್ತೆ, ಬೆಳಿಗ್ಗೆ ಬೆಳಿಗ್ಗೆ ಯಾರನ್ನ ಕರೀತೀರ? ನೆರೆಯೋರು ಕೇಳ್ತಾವ್ರೆ, ನಿಮ್ಮತ್ತೆ ಮೇಕೆ ಕಳ್ಕೊಂಡವ್ರಾ ಅಂತ.”

“ಮೇಕೆ ಅಲ್ಲ ಕಣೆ, ಹಕ್ಕಿ.”

“ಎಷ್ಟು ಹಾಲು ಕೊಡ್ತದೆ?”

“ನಿಮ್ಮಪ್ಪನ ಹಸುಗಿಂತ ಜಾಸ್ತಿ ಕೊಡ್ತಿತ್ತು, ಒಂದು ಕಾಲದಲ್ಲಿ.”

ಅವಳು ನಕ್ಕಳು. ನಾನು ಹೇಳಿದ್ದು ಸುಳ್ಳಲ್ಲ. ನನ್ನನ್ನು ಮದುವೆ ಮಾಡಿಕೊಟ್ಟಾಗ ನಮ್ಮ ಮನೆಗೆ ತೆರ, ಅಂದರೆ ಹೆಣ್ಣಿನ ಬೆಲೆ, ಎಂದು ಬಂದದ್ದು ಜೇನುಗೂಡುಗಳು. ದೇವದಾರು ದಿಮ್ಮಿ ಕೊರೆದು ಮಾಡಿದ, ಗಂಡಿನ ಮನೆಯ ಗುರುತು ಕೆತ್ತಿದ ಗೂಡುಗಳು. ಗೂಡಿನ ತೆರಕ್ಕೆ ಹೋದ ಕೊನೆಯ ಹೆಣ್ಣು ನಾನು. ಆ ಹೊತ್ತಿಗಾಗಲೇ ಕಾಡಿನ ಸುತ್ತ ದನಗಾರರು ತುಂಬಿದ್ದರು. ಹೆಣ್ಣು ಬೇಕಾದರೆ ಹಸು ಕೊಡಿ, ಹುಳ ಕೊಟ್ಟರೆ ಕಟ್ಟಿಕೊಂಡು ಏನು ಮಾಡೋಣ ಎಂದರು. ನಮ್ಮ ಗಂಡುಮಕ್ಕಳು ಹಸು ಸಾಕಲು ಇಳಿದರು. ಹಸುವಿನ ಹಿಂದೆ ಹಸುವಿನ ಮಾತೂ ಮನೆಯೊಳಗೆ ಬಂತು. “ಮಕ್ಕಳ ಮುಂದೆ ಆ ಕಾಡುಮಾತು ಆಡ್ಬೇಡ, ನಾಳೆ ಅವ್ರಿಗೆ ಹೆಣ್ಣು ಸಿಗಲ್ಲ,” ಎಂದು ನನ್ನ ಗಂಡ ಕಟ್ಟಪ್ಪಣೆ ಮಾಡಿದ. ಮಗನಿಗೆ ಹೆಣ್ಣೇನೋ ಸಿಕ್ಕಿತು. ನನಗೆ ಮಾತಾಡಲು ಮಗ ಸಿಗಲಿಲ್ಲ.

ಮಸಾಯಿ ಮಾತನ್ನು ಬಯ್ಯುವುದಿಲ್ಲ, ಚೆಂದದ ಮಾತೇ. ದನದ ಮೈಬಣ್ಣಕ್ಕೆ ಅದರಲ್ಲಿ ಲೆಕ್ಕವಿಲ್ಲದಷ್ಟು ಹೆಸರು. ನಮ್ಮಲ್ಲಿ ಗೂಡು ಬಿಟ್ಟು ಹೊರಡಲಿರುವ ಹುಳದ ಸದ್ದಿಗೆ ಒಂದು ಹೆಸರು, ರಾಣಿಯನ್ನು ಕಳೆದುಕೊಂಡ ಹುಳದ ಸದ್ದಿಗೆ ಇನ್ನೊಂದು. ಆ ಹೆಸರುಗಳು ಹೋದ ಮೇಲೆ ಈಗಿನ ಹುಡುಗರಿಗೆ ಎಲ್ಲವೂ ಬರೀ ಗುಂಯ್. ಗುಂಯ್ ಎನ್ನುವುದಕ್ಕೆ ಬೆಂಕಿ ಹಚ್ಚುವುದು ಸುಲಭ. ಪೆಟ್ರೋಲು ಸುರಿದು ಹುಳ ಸುಟ್ಟು, ಜೇನಿನ ತಟ್ಟಿಯೆಲ್ಲ ಡಬ್ಬಕ್ಕೆ ತುಂಬಿ ಪೇಟೆಗೆ ಒಯ್ಯುತ್ತಾರೆ. ಹಕ್ಕಿಗೆ ಚೂರು ಮೇಣವೂ ಇಡುವುದಿಲ್ಲ. ಕೂಲಿ ಕೊಡದ ಮನೆಗೆ ಹಕ್ಕಿಯಾದರೂ ಯಾಕೆ ಬರಬೇಕು? ಹೋದ ಬೇಸಿಗೆಯ ಕಾಳ್ಗಿಚ್ಚು ಹುಟ್ಟಿದ್ದೂ ಅಂಥ ಬೆಂಕಿಯಿಂದಲೇ. ಪೊಟರೆಯಿದ್ದ ಹಳೆಯ ಮರಗಳೆಲ್ಲ ಅದರಲ್ಲಿ ಹೋದವು.

ಕರೆದೂ ಕರೆದೂ ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಮೊದಲು ಮೇಣದ ಆಸೆ ತೋರಿಸೋಣ ಎಂದು ಪೇಟೆಯಿಂದ ಒಂದು ಮೇಣದಬತ್ತಿ ತಂದು ಬಂಡೆಯ ಮೇಲೆ ಚೂರು ಮಾಡಿ ಇಟ್ಟೆ. ಸೌದೆಗೆ ಬಂದ ರೆಸಿಯಾಟೋ ನೋಡಿಬಿಟ್ಟಳು.

“ಏನತ್ತೆ, ಚರ್ಚು ಕಟ್ತಿದೀರಾ?”

“ಹಕ್ಕಿಗೆ ಕಣೆ.”

“ಕರೆಂಟ್ ಹೋಗಿದ್ಯಾ ಅದ್ರ ಮನೇಲಿ?”

ಮೇಣದಬತ್ತಿಯಲ್ಲಿ ಜೇನುಮೇಣ ಇರುವುದಿಲ್ಲವಂತೆ. ಇರುವೆ ಕೂಡ ಅದನ್ನು ಮೂಸಲಿಲ್ಲ. ಅಂದು ಬಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಅಣ್ಣ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ನಿಜವಾದ ಮೇಣ ಇದ್ದದ್ದು ಒಂದೇ ಕಡೆ. ನನ್ನ ತೆರದ ಗೂಡುಗಳಲ್ಲಿ ಕೊನೆಗೆ ಉಳಿದಿದ್ದ ಒಂದನ್ನು, ಮರ ಹತ್ತುವ ಶಕ್ತಿ ಹೋದ ಮೇಲೆ ಕಿಲೋಕು ತಂದು ನನ್ನ ಗುಡಿಸಲ ಮುಂದಿನ ಕಾಡು ಆಲಿವ್ ಮರದ ತಗ್ಗಿನ ಕವಲಿನಲ್ಲಿ ಇಟ್ಟಿದ್ದ. “ಇನ್ನು ನೀನೇ ನೋಡ್ಕೋ, ನಿನ್ನ ಬೆಲೆ ನಿನ್ನ ಬಾಗಿಲಲ್ಲೇ ಇರ್ಲಿ,” ಎಂದಿದ್ದ. ಆ ಗೂಡಿನ ಜೇನನ್ನು ಮೊಮ್ಮಗನ ಸುನ್ನತಿಗೆಂದು ಮೀಸಲಿಟ್ಟಿದ್ದೆವು. ಹಿರಿಯರಿಗೆ ಕುಡಿಯಲು ಜೇನಿನ ಹೆಂಡ ಕೊಡದೆ ಅವರಿಂದ ಹುಡುಗನನ್ನು ಹರಸಿಸುವುದು ಹೇಗೆ? ರೆಸಿಯಾಟೋ ಊರೆಲ್ಲ ಹೇಳಿಕೊಂಡು ಬಂದಿದ್ದಳು, ನಮ್ಮತ್ತೆಯ ಗೂಡಿನ ಜೇನು ಅಂತ. ಹೂವಿನ ಕಾಲ ಮುಗಿಯುವ ಮೊದಲು ಗೂಡು ಬಿಚ್ಚಿದರೆ ಜೇನು ಕೂಡುವುದಿಲ್ಲ, ಹುಳ ಮುನಿದು ಹೊರಟರೂ ಹೊರಟಿತು. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ಗೊತ್ತಿದ್ದೇ ಬಿಚ್ಚಿದೆ. ಹೊಗೆ ಹಿಡಿದು, ಮರಿಹುಳ ತುಂಬಿದ ಬಿಳಿಯ ತಟ್ಟಿ ಕೊಯ್ದು, ಮಡಿಲಲ್ಲಿ ಕಟ್ಟಿಕೊಂಡು ಕಾಡಿಗೆ ಹೋದೆ.

“ಒಂದು ಹಕ್ಕಿಗೋಸ್ಕರವಾ, ಅತ್ತೆ?” ರೆಸಿಯಾಟೋ ಈ ಸಲ ನಗಲಿಲ್ಲ. “ನಿಮ್ಮ ಮೊಮ್ಮಗನಿಗಿಂತ ಹೆಚ್ಚಾ ಅದು?”

“ನನ್ನಣ್ಣನ ಸುದ್ದಿ ಮುಟ್ಟಿಸ್ಬೇಕು ಕಣೆ ಅದಕ್ಕೆ.”

“ಸುದ್ದಿ ಊರಿಗೆಲ್ಲ ಮುಟ್ಟಿದೆ. ಜನ ಬಂದು ಉಂಡು ಹೋದ್ರಲ್ಲ.”

ಹೇಳಬೇಕಾದ ಮಾತು ಅವಳ ಭಾಷೆಯಲ್ಲಿ ಇರಲಿಲ್ಲ. ಮಗ ನನ್ನ ಮುಖ ನೋಡದೆ ಪೇಟೆಗೆ ಹೋಗಿ ಸಕ್ಕರೆ ಮೂಟೆ ತಂದ. ಸುನ್ನತಿಯ ದಿನ ಹಿರಿಯರು ಸಕ್ಕರೆ ಹೆಂಡ ಕುಡಿದು, ಇದು ಆ ಕಾಡಿನ ಮುದುಕಿಯ ಜೇನಿನದು, ಘಮವೇ ಬೇರೆ ಎಂದು ತಲೆದೂಗಿದರು. ನಾನು ಮೂಲೆಯಲ್ಲಿ ಕೂತು ಕೇಳಿಸಿಕೊಂಡೆ. ಗುಟ್ಟು ರಟ್ಟಾಗಲಿಲ್ಲವಲ್ಲ ಎಂದು ಸೊಸೆಗೆ ನೆಮ್ಮದಿ.

ಅತ್ತ ಬಂಡೆಯ ಮೇಲೆ ಇಟ್ಟ ತಟ್ಟಿ ದಿನವೂ ಸವೆಯುತ್ತಿತ್ತು. ಯಾರು ತಿನ್ನುತ್ತಿದ್ದರೋ ಕಾಣಲಿಲ್ಲ. ಒಂದು ಬೆಳಿಗ್ಗೆ ಸಿಳ್ಳೆ ಹಾಕಿ, ಬಾರೋ ತಮ್ಮಾ ಎಂದು ಬಾಯಿ ಮುಚ್ಚುವುದರೊಳಗೆ ತಲೆಯ ಮೇಲೆ ಚಿರ್ರ್ ಚಿರ್ರ್ ಎಂದು ಸದ್ದಾಯಿತು. ಕತ್ತೆತ್ತಿದೆ. ಬೂದು ಹಕ್ಕಿ, ಬಾಲದ ಅಂಚಿನಲ್ಲಿ ಬಿಳಿ. ಅದೇ. ನಮ್ಮ ಮಾತಿಗೆ ಉತ್ತರ ಕೇಳಿ ಎಷ್ಟು ಕಾಲವಾಗಿತ್ತು.

ಅದು ಹಾರಿತು, ನಾನು ಹಿಂದೆ ಓಡಿದೆ. ಒಣಗಿದ ಹಳ್ಳ ಇಳಿದೆವು, ಸುಟ್ಟ ದೇವದಾರುಗಳ ನಡುವೆ ನುಸುಳಿದೆವು. ನಾನು ಹಿಂದೆ ಬಿದ್ದರೆ ಕೊಂಬೆಯ ಮೇಲೆ ಕೂತು ಬಾಲ ಬಿಚ್ಚಿ ಕರೆಯುತ್ತಿತ್ತು. ಬಂದೆ ತಮ್ಮಾ, ಬಂದೆ ಎನ್ನುತ್ತ ಹೋದೆ. ಕಾಡಿನಲ್ಲಿ ಇನ್ನೂ ಎಲ್ಲೋ ಒಂದು ಜೇನು ಉಳಿದಿದೆ, ಬೆಂಕಿಗೂ ಹುಡುಗರಿಗೂ ಸಿಗದ ಒಂದು ಪೊಟರೆ ಇದೆ ಎಂದು ಎದೆ ಹಿಗ್ಗಿತು. ಆಮೇಲೆ ದನದ ಹಾದಿ ಸಿಕ್ಕಿತು. ಆಮೇಲೆ ಒಲೆಯ ಹೊಗೆಯ ವಾಸನೆ ಬಂತು, ಗುರುತಿನ ವಾಸನೆ. ಹಕ್ಕಿ ಕೊನೆಗೆ ಹೋಗಿ ಕೂತದ್ದು ನನ್ನ ಗುಡಿಸಲ ಮುಂದಿನ ಆಲಿವ್ ಮರದಲ್ಲಿ, ನನ್ನ ತೆರದ ಗೂಡಿನ ಪಕ್ಕದಲ್ಲಿ.

ರೆಸಿಯಾಟೋ ಅಂಗಳದಲ್ಲಿ ಮೇಕೆ ಹಾಲು ಕರೆಯುತ್ತಿದ್ದಳು. ಗೂಡು ಬಿಚ್ಚಿದ ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

“ಬಂತಾ ನಿಮ್ಮ ನೆಂಟ? ಜೇನು ತೋರಿಸ್ತಾ?”

“ತೋರಿಸ್ತು.”

“ಎಲ್ಲಿ?”

“ಇಲ್ಲೇ. ನಮ್ಮನೆ ಮುಂದೆ.”

ಅವಳು ಹಕ್ಕಿಯನ್ನೂ ಗೂಡನ್ನೂ ನನ್ನ ಮುಳ್ಳು ಗೀಚಿದ ಕಾಲನ್ನೂ ನೋಡಿ, ಕೊರಳ ಮಣಿಸರ ಕುಣಿಯುವಷ್ಟು ನಕ್ಕಳು. ನನಗೂ ನಗು ಬಂತು. ಆಮೇಲೆ ಹೊಳೆಯಿತು. ಇಷ್ಟು ದೊಡ್ಡ ಕಾಡಿನಲ್ಲಿ ಆ ಹಕ್ಕಿಗೆ ತೋರಿಸಲು ಬೇರೆ ಜೇನೇ ಇರಲಿಲ್ಲ. ನನಗೆ ಮಾತಾಡಲು ಅದನ್ನು ಬಿಟ್ಟು ಯಾರೂ ಇಲ್ಲದ ಹಾಗೆ.

ಆದರೂ ಕರೆದದ್ದಾಯಿತು, ತೋರಿಸಿದ್ದಾಯಿತು. ಪದ್ಧತಿ ಪದ್ಧತಿಯೇ. ಗೂಡಿಗೆ ಕಿವಿಯಿಟ್ಟೆ, ಹುಳ ಇನ್ನೂ ಇದ್ದವು, ಸದ್ದು ಸಣ್ಣಗಿತ್ತು. ಅಂಚಿನ ತಟ್ಟಿಯಲ್ಲಿ ಒಂದು ಚೂರು ಮುರಿದು ಕಲ್ಲಿನ ಮೇಲಿಟ್ಟು ಹಿಂದೆ ಸರಿದೆ. ಹಕ್ಕಿ ಇಳಿದು ಕುಕ್ಕತೊಡಗಿತು. ಆಗ ಹೇಳಿದೆ, ನಮ್ಮ ಮಾತಿನಲ್ಲಿ.

“ಕಿಲೋಕು ಸತ್ತ. ನನ್ನಣ್ಣ ಸತ್ತ. ಇನ್ನು ಕಾಯಬೇಡ.”

ಹಕ್ಕಿ ತಲೆ ಎತ್ತಲಿಲ್ಲ. ಅದಕ್ಕೆ ಬೇಕಾದದ್ದು ಮೇಣ ಎಂದು ತಿಳಿಯದಷ್ಟು ಹುಚ್ಚಿಯಲ್ಲ ನಾನು. ನಾನು ಕಾಯುತ್ತಿದ್ದದ್ದು ಜೊತೆಯಲ್ಲಿದ್ದವರು ಹೇಳುವ ಆ ಒಂದು ಮಾತಿಗೆ. ಈಗ ಯಾರಾದರೂ ಅದನ್ನು ಹೇಳಬೇಕಾಗಿತ್ತು.

ಹಾಲಿನ ಸೋರೆಬುರುಡೆ ಹಿಡಿದು ರೆಸಿಯಾಟೋ ಹತ್ತಿರ ಬಂದಳು. “ಏನೋ ಅಂದ್ರಲ್ಲ ಅತ್ತೆ? ಕೇಳಿಸ್ಲಿಲ್ಲ.”

“ಏನಿಲ್ಲ ಬಿಡೆ,” ಎಂದೆ.

ಅವಳು ಒಳಗೆ ಹೋದಳು. ಹಕ್ಕಿಯೂ ತಿಂದು ಮುಗಿಸಿ ಹಾರಿಹೋಯಿತು. ನನ್ನ ಸಾವನ್ನು ಅದಕ್ಕೆ ಹೇಳುವವರು ಯಾರೂ ಇಲ್ಲ, ಅದು ಕಾಯುತ್ತಲೇ ಇರುತ್ತದೆ. ಮರದ ಕೆಳಗೆ ನಿಂತು, “ಕೇಳಿಸಿತು,” ಎಂದು ನಾನೇ ಹೇಳಿಕೊಂಡು ಮೇಕೆ ಬಿಡಲು ಹೋದೆ.