ನಾನೂರ ಹದಿಮೂರನೆಯದು

ನನ್ನ ಪ್ಲೇಯರಿನಲ್ಲಿ ನಾನೂರ ಹನ್ನೆರಡು ಹಾಡುಗಳಿದ್ದವು. ನಾನೂರ ಹದಿಮೂರನೆಯದು ಹಾಡಲ್ಲ, ನಾನು. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸನ್ನು ‘ಮದುವೆಯಾಗೋಣವೇ’ ಎಂದು ಕೇಳುವುದು ಹೇಗೆ ಅಂತ ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹನ್ನೊಂದು ಸಲ ತಾಲೀಮು ಮಾಡಿದ ನನ್ನದೇ ಧ್ವನಿ. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆ ಪ್ಲೇಯರನ್ನು ಕೈಯಾರೆ ಅದೇ ಹೆಂಗಸಿಗೆ ಕೊಟ್ಟುಬಿಟ್ಟೆ. ನನ್ನಂಥ ಜಾಣ ಇನ್ನೊಬ್ಬನಿದ್ದರೆ ತೋರಿಸಿ.

ಮೊದಲು ಪ್ಲೇಯರಿನ ಕಥೆ ಹೇಳಿಬಿಡುತ್ತೇನೆ. ಅದು ಬೆಂಕಿಪೊಟ್ಟಣದಷ್ಟೇ ದೊಡ್ಡದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಳೆಯ ಚಾರ್ಜರುಗಳ ಮಧ್ಯೆ ಬಿದ್ದಿತ್ತು. ಪರದೆ ಪೂರ್ತಿ ಸತ್ತಿತ್ತು. ‘ಹಾಡು ಚೆನ್ನಾಗಿ ಬರುತ್ತೆ ಸಾರ್, ಯಾವ ಹಾಡು ಬರುತ್ತೆ ಅನ್ನೋದು ಗೊತ್ತಾಗಲ್ಲ ಅಷ್ಟೆ’ ಅಂದ ಅಂಗಡಿಯವನು. ಅಕ್ಕನ ಮಗಳು ತನ್ನ ಕಂಪ್ಯೂಟರಿನಿಂದ ಅದಕ್ಕೆ ಹಾಡು ತುಂಬಿಸಿಕೊಟ್ಟಳು. ಅದು ಮೊದಲೇ ಸರದಿ ಕಲಸಿ ನುಡಿಸುವ ಷಫಲ್‌ನಲ್ಲಿ ಸಿಕ್ಕಿಕೊಂಡಿತ್ತು. ಪರದೆಯಿಲ್ಲದ ಮೇಲೆ ಬದಲಾಯಿಸುವುದಾದರೂ ಹೇಗೆ? ಲಾಲಿಹಾಡಿನ ಬೆನ್ನಿಗೆ ಡೋಲು, ಡೋಲಿನ ಬೆನ್ನಿಗೆ ಯಾರದೋ ವಿರಹ. ನನಗೆ ಹುಚ್ಚು ಹಿಡಿಯುವಷ್ಟು ಇಷ್ಟವಾಯಿತು. ನಲವತ್ತನಾಲ್ಕು ವರ್ಷದಲ್ಲಿ, ಮುಂದೇನು ಬರುತ್ತದೆ ಅಂತ ಗೊತ್ತಿಲ್ಲದ ಒಂದು ವಸ್ತು ನನ್ನ ಜೇಬಿನಲ್ಲಿದ್ದದ್ದು ಅದೇ ಮೊದಲು. ಬಸ್ಸಿನಲ್ಲಿ ಕೂತು ಒಬ್ಬನೇ ನಗುತ್ತಿದ್ದೆ. ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು.

ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುವುದು ಔಷಧಿ ಡಬ್ಬಿಯೊಳಗೆ ಹನ್ನೆರಡು ಮಡಿಕೆ ಮಡಚಿಟ್ಟಿರುವ, ಯಾರೂ ಓದದ ಕಾಗದ. ಯಾರೂ ಓದದಿದ್ದರೂ ತಪ್ಪಿರಕೂಡದು. ಒಂದು ಸೊನ್ನೆ ಆಚೀಚೆಯಾದರೆ ಯಾರದೋ ಜೀವಕ್ಕೆ ಕುತ್ತು ಬರುತ್ತದೆ. ಆದ್ದರಿಂದ ಪ್ರೂಫ್ ನೋಡುವವರು ಇಬ್ಬಿಬ್ಬರು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಚುಕ್ಕಿ, ಆವರಣ ಚಿಹ್ನೆ ಸಮೇತ. ಇನ್ನೊಬ್ಬರು ಪೆನ್ಸಿಲ್ ಹಿಡಿದು ಪ್ರೂಫಿನ ಮೇಲೆ ಅದನ್ನು ಹಿಂಬಾಲಿಸಬೇಕು. ಒಂಬತ್ತು ವರ್ಷದಿಂದ ಅವಳು ಓದುತ್ತಾಳೆ, ನಾನು ನೋಡುತ್ತೇನೆ. ಅವಳಿಗೆ ಪ್ರೆಸ್ಸಿನವರೆಲ್ಲ ಇಟ್ಟ ಹೆಸರು ರೇಡಿಯೋ, ನನಗಿಟ್ಟದ್ದು ಪೆನ್ಸಿಲ್. ತುರಿಕೆಯ ಮುಲಾಮಿನ ಕಾಗದವನ್ನು ಅವಳು ಓದುವುದು ಕೇಳಿದರೆ ನಿಮಗೂ ಒಮ್ಮೆ ತುರಿಕೆ ಬರಬಾರದೇ ಅನ್ನಿಸುತ್ತದೆ. ನನಗೆ ಅನ್ನಿಸಿ ಆರು ವರ್ಷವಾಗಿತ್ತು.

ಆರು ವರ್ಷ ಬಾಯಿ ಬಿಡಲಿಲ್ಲ. ಯಾವ ವಾಕ್ಯವನ್ನೂ ಕಿವಿಯಿಂದ ಒಮ್ಮೆ ಕೇಳಿ ತಪ್ಪು ಹಿಡಿಯದೆ ಹೊರಗೆ ಬಿಟ್ಟವನಲ್ಲ ನಾನು. ಇದನ್ನಂತೂ ಹೇಗೆ ಬಿಡಲಿ? ಪ್ಲೇಯರಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ರೆಕಾರ್ಡ್ ಆಗುತ್ತದೆ ಅಂತ ಗೊತ್ತಾದ ಮೇಲೆ ಧೈರ್ಯ ಬಂತು. ಮೊದಲು ಹೇಳುವುದು, ಆಮೇಲೆ ಕೇಳುವುದು, ತಿದ್ದುವುದು, ಕೊನೆಗೆ ಅವಳ ಮುಂದೆ ಹೋಗುವುದು. ಹೇಳಿದ್ದಾಯಿತು. ಕೇಳಿ ನೋಡುವ ಹೊತ್ತಿಗೆ ಏನೋ ಮನೆಗೆಲಸ ಬಂದು ಅದು ಅಲ್ಲಿಗೇ ನಿಂತಿತು.

ಸೋಮವಾರ ಅವಳು ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿಕೊಂಡು ಬಂದು ಡಾಕ್ಟರ ಚೀಟಿಯನ್ನು ನನ್ನ ಮುಂದಿಟ್ಟಳು. ಗಂಟಲೊಳಗೆ ಬಾವು. ಒಂದು ವಾರ ಒಂದೇ ಒಂದು ಮಾತೂ ಆಡಕೂಡದು, ಪಿಸುಗುಡಲೂ ಕೂಡದು. ರೇಡಿಯೋಗೆ ಬೀಗ! ಅವಳ ಕಣ್ಣು ತುಂಬಿಕೊಂಡಿತು. ಹಿಂದೆ ಮುಂದೆ ನೋಡದೆ ಜೇಬಿನಿಂದ ಪ್ಲೇಯರ್ ತೆಗೆದು, ಇಯರ್‌ಫೋನಿನ ಗಂಟು ಬಿಡಿಸಿ, ಅವಳ ಕೈಯಲ್ಲಿಟ್ಟೆ.

‘ಒಂದು ವಾರ ಇಟ್ಕೊಳ್ಳಿ. ಬೇಜಾರಾಗಲ್ಲ.’

ಅವಳು ಮುಖವೆಲ್ಲ ಅರಳಿಸಿದಳು. ನಾನು ಗೆದ್ದವನ ಹಾಗೆ ಮೆಟ್ಟಿಲಿಳಿದು ಹೊಸ ಪ್ರೂಫ್ ತರಲು ಹೊರಟೆ. ಏಳನೆಯ ಮೆಟ್ಟಿಲ ಮೇಲೆ ಭಾನುವಾರ ನೆನಪಾಯಿತು. ಅಲ್ಲೇ ಕೂತುಬಿಟ್ಟೆ.

ಮಧ್ಯಾಹ್ನ ಅಕ್ಕನ ಮಗಳಿಗೆ ಫೋನ್ ಮಾಡಿದೆ. ‘ನಾನೂರ ಹದಿಮೂರರಲ್ಲಿ ಒಂದು ತಾನೇ? ಅದು ಬರದೇನೂ ಇರಬಹುದು ಅಲ್ವಾ?’

‘ಇಲ್ಲ ಮಾಮ. ಅದರಲ್ಲಿ ಒಂದ್ಸಲ ಬಂದಿದ್ದು ಎಲ್ಲಾ ಮುಗಿಯೋವರೆಗೂ ಮತ್ತೆ ಬರಲ್ಲ. ಕೇಳ್ತಾ ಹೋದ್ರೆ ಯಾವತ್ತಾದ್ರೂ ಬಂದೇ ಬರುತ್ತೆ. ಏನು ರೆಕಾರ್ಡ್ ಮಾಡಿದ್ದೀಯ?’

‘ಕೆಮ್ಮು’ ಅಂದೆ. ಅದರಲ್ಲಿ ಅದೂ ಇತ್ತು.

ದಿನಕ್ಕೆ ಅರವತ್ತು ಹಾಡು ಅಂತಿಟ್ಟುಕೊಂಡರೂ ವಾರ ಮುಗಿಯುವುದರೊಳಗೆ ನನ್ನ ಕಥೆ ಮುಗಿಯುತ್ತದೆ. ಅವಳು ಕೇಳಲಿ ಎಂಬುದೇ ನನ್ನ ಆಸೆ, ಅದು ನಿಜ. ಆದರೆ ಈ ಹಸಿ ಪ್ರತಿಯನ್ನಲ್ಲ! ಅದರಲ್ಲಿ ನಾನು ತೊದಲಿದ್ದೆ, ಒಂದು ಕಡೆ ನಡುವೆಯೇ ನಿಲ್ಲಿಸಿ ‘ಥೂ’ ಅಂದಿದ್ದೆ. ಅದನ್ನು ಕೇಳಿ ಅವಳು ಬೇಡವೆಂದರೆ ಒಂಬತ್ತು ವರ್ಷದ ಮೇಜೂ ಹೋಗುತ್ತದೆ. ನಕ್ಕು ಬೇಡವೆಂದರೆ ನಾನೇ ಎದ್ದು ಹೋಗುತ್ತೇನೆ.

ಬೆಳಗಿನ ಹೊತ್ತು ನಮ್ಮ ಕೆಲಸ ಅದಲುಬದಲಾಯಿತು. ನಾನು ಓದಬೇಕು, ಅವಳು ಪೆನ್ಸಿಲ್ ಹಿಡಿಯಬೇಕು. ನನ್ನ ಓದಿಗೆ ಅವಳು ನಿಮಿಷಕ್ಕೊಮ್ಮೆ ಮೇಜು ಕುಟ್ಟುತ್ತಿದ್ದಳು. ಮಧ್ಯಾಹ್ನ ಒಬ್ಬೊಬ್ಬರೇ ಪ್ರೂಫನ್ನು ಎರಡನೆಯ ಸಲ ನೋಡುವ ಹೊತ್ತು. ಆಗ ಅವಳ ಕಿವಿಗೆ ಇಯರ್‌ಫೋನ್ ಏರುತ್ತಿತ್ತು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಇದಿರಿಗೆ ಕೂತು ಅವಳ ಹುಬ್ಬನ್ನೇ ಓದುತ್ತಿದ್ದೆ. ಎಡ ಹುಬ್ಬು ಏರಿದರೆ ಹೊಸ ಹಾಡು. ಎರಡೂ ಏರಿದರೆ? ದೇವರೇ ಕಾಪಾಡಬೇಕು.

ಮಂಗಳವಾರ ಮೂರು ಗಂಟೆಗೆ ಅವಳ ಭುಜ ಕುಣಿಯತೊಡಗಿತು. ಸದ್ದಿಲ್ಲದ ನಗು. ಕಣ್ಣೀರು ಬರುವಷ್ಟು ನಕ್ಕಳು. ನೋವಿನ ಮಾತ್ರೆಯ ಪ್ರೂಫಿನ ಮೇಲೆ ಪೆನ್ಸಿಲ್ ಉರುಳಿಹೋಯಿತು. ಅವಳು ಒಂದು ಚೀಟಿ ಬರೆದು ತಳ್ಳಿದಳು: ‘ಈ ಹಾಡಿನಲ್ಲಿ ತಬಲಾದವನು ಸೀನುತ್ತಾನೆ!’

ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಬುಧವಾರ ಅವಳ ಕಣ್ಣು ಒದ್ದೆಯಾಯಿತು. ಚೀಟಿ ಬರೆಯಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿದಳು, ಆಮೇಲೆ ಕಿಟಕಿಯನ್ನು ನೋಡಿದಳು, ಆಮೇಲೆ ಮತ್ತೆ ಪ್ರೂಫಿಗೆ ಬಗ್ಗಿದಳು. ಇದಕ್ಕೆ ಏನೆಂದು ಅರ್ಥ ಮಾಡಿಕೊಳ್ಳಲಿ? ಮನೆಗೆ ಹೋದರೆ ಊಟ ಸೇರಲಿಲ್ಲ.

ಗುರುವಾರ ಇನ್ನೂ ಕೆಟ್ಟದಾಯಿತು, ಅಂದರೆ ಇನ್ನೂ ಒಳ್ಳೆಯದಾಯಿತು. ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆಳೆದು, ಒಂದು ಇಯರ್‌ಫೋನನ್ನು ತೆಗೆದು ನನ್ನ ಕಿವಿಗೆ ಇಟ್ಟಳು. ತಂತಿ ಗಿಡ್ಡ. ಇಬ್ಬರ ತಲೆಗಳ ನಡುವೆ ಒಂದು ಗೇಣು ಜಾಗವಿತ್ತು. ಅವಳ ಕೂದಲಿನಲ್ಲಿ ಸೋಪಿನ ವಾಸನೆ. ಹಾಡು ಯಾವುದಿತ್ತೋ ಆ ದೇವರಿಗೇ ಗೊತ್ತು. ನನ್ನ ಕಿವಿಯಲ್ಲಿ ನನ್ನ ಎದೆಯ ಬಡಿತವೇ ಕೇಳುತ್ತಿತ್ತು. ಹಾಡು ಮುಗಿಯಿತು. ಆ ಪ್ಲೇಯರ್ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಎರಡು ಸೆಕೆಂಡು ಸುಮ್ಮನಿರುತ್ತದೆ. ಮೊದಲೆಲ್ಲ ಆ ಎರಡು ಸೆಕೆಂಡು ನನಗೆ ಪ್ರಾಣ. ಈಗ ಅದೇ ಪ್ರಾಣ ತೆಗೆಯುತ್ತಿತ್ತು. ಮತ್ತೊಂದು ಹಾಡು. ಮತ್ತೆ ಎರಡು ಸೆಕೆಂಡು. ಆಮೇಲೆ ಯಾರೋ ಗಂಡಸು ‘ಎಹೆಂ’ ಎಂದು ಗಂಟಲು ಸರಿಪಡಿಸಿಕೊಂಡದ್ದು ಕೇಳಿತು!

ನಾನು ಎಗರಿ ಎದ್ದೆ. ತಂತಿ ಕಿತ್ತು ಬಂತು, ಕುರ್ಚಿ ಬಿತ್ತು, ಮಸಿಯ ಡಬ್ಬ ಹೊತ್ತು ಬಾಗಿಲಲ್ಲಿ ನಿಂತಿದ್ದ ಮಷೀನ್ ಮಾಮ ಹೌಹಾರಿದ. ಮಾಮ ಅಂದರೆ ಯಾರ ಮಾಮನೂ ಅಲ್ಲ, ಮೂವತ್ತು ವರ್ಷದಿಂದ ಅಚ್ಚಿನ ಯಂತ್ರ ಓಡಿಸುವವನು.

‘ಏನಯ್ಯಾ ಪೆನ್ಸಿಲ್ಲು, ಚೇಳು ಕಡೀತಾ?’

‘ಕಾಲು ಜೋಮು ಹಿಡೀತು ಮಾಮ.’

ಅವಳು ತನ್ನ ಕಿವಿಯಲ್ಲಿದ್ದದ್ದನ್ನು ನನ್ನ ಕಡೆ ಹಿಡಿದಳು. ಯಾವನೋ ಹಿರಿಯ ಗಾಯಕ ಗಂಟಲು ಸರಿಪಡಿಸಿಕೊಂಡು ನಿಧಾನವಾಗಿ ಆಲಾಪಕ್ಕೆ ಇಳಿದಿದ್ದ. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ.

ಶುಕ್ರವಾರ ಕಳ್ಳತನಕ್ಕಿಳಿದೆ. ಅವಳು ಕೈ ತೊಳೆಯಲು ಹೋದಾಗ ಪ್ಲೇಯರನ್ನು ಎತ್ತಿಕೊಂಡು ಮೆಟ್ಟಿಲ ಕೆಳಗಿನ ಕಾಗದದ ಗೋದಾಮಿಗೆ ಓಡಿದೆ. ಇನ್ನೂ ಬಂದಿಲ್ಲದಿದ್ದರೆ ಒಂದೊಂದಾಗಿ ಹಾಡು ದಾಟಿಸುತ್ತಾ ಹೋಗಿ, ನನ್ನದು ಸಿಕ್ಕಿದರೆ ಅಲ್ಲೇ ಅಳಿಸಿಬಿಡುವ ಯೋಚನೆ. ಗುಂಡಿ ಒತ್ತಿದೆ. ಸದ್ದಿಲ್ಲ. ಎಲ್ಲ ಗುಂಡಿಗಳನ್ನೂ ಒತ್ತಿದೆ. ಅಲ್ಲಾಡಿಸಿದೆ, ಊದಿದೆ, ಬೇಡಿಕೊಂಡೆ. ಏನೂ ಇಲ್ಲ. ಕೆಟ್ಟುಹೋಗಿತ್ತು! ಒಂದು ಕ್ಷಣ ಆನಂದದಿಂದ ಕಾಗದದ ಕಟ್ಟಿನ ಮೇಲೆ ಕುಣಿಯುವುದೊಂದು ಬಾಕಿ. ಮರುಕ್ಷಣ ಮನಸ್ಸು ಮುದುಡಿತು. ಅದರ ನಾನೂರ ಹನ್ನೆರಡು ಹಾಡುಗಳಲ್ಲಿ ಅವಳು ನಕ್ಕದ್ದೂ ಅತ್ತದ್ದೂ ಇತ್ತಲ್ಲ.

ಮುಖ ಇಳಿಬಿಟ್ಟುಕೊಂಡು ಮೇಲೆ ಬಂದು ‘ಇದು ಹೋಯ್ತು ಅನ್ಸುತ್ತೆ’ ಅಂದೆ. ಅವಳು ಅದನ್ನು ತೆಗೆದುಕೊಂಡು, ತಳಭಾಗದಲ್ಲಿ ಅಕ್ಕಿಕಾಳಿನಷ್ಟಿದ್ದ, ಗುಂಡಿಗಳು ಕೆಲಸ ಮಾಡದಂತೆ ತಡೆಯುವ ಒಂದು ಲಾಕನ್ನು ಉಗುರಿನಿಂದ ಸರಿಸಿದಳು. ಹಾಡು ಬಂತು. ಆರು ತಿಂಗಳಿಂದ ಅದರ ಯಜಮಾನನಾಗಿದ್ದ ನನಗೆ ಅಲ್ಲೊಂದು ಲಾಕ್ ಇದೆಯೆಂದೇ ಗೊತ್ತಿರಲಿಲ್ಲ. ಅವಳು ಅದನ್ನು ಹಾಕಿದ್ದೇಕೆ ಎಂದು ಕೇಳುವ ಬುದ್ಧಿಯೂ ಹೊಳೆಯಲಿಲ್ಲ.

ಶನಿವಾರ ಹೇಗೆ ಕಳೆಯಿತೋ, ಭಾನುವಾರ ಹೇಗೆ ಕಳೆಯಿತೋ. ಸೋಮವಾರ ನಾನು ಒಂಬತ್ತಕ್ಕೇ ಮೇಜಿನ ಮುಂದಿದ್ದೆ. ಅವಳು ಬಂದಳು. ಕುತ್ತಿಗೆಯ ಬಟ್ಟೆ ಹೋಗಿತ್ತು. ಎದುರು ಕೂತು ಗಡಿಯಾರ ನೋಡಿ ಬಾಯಿ ಬಿಟ್ಟಳು.

‘ಡಾಕ್ಟರು ದಿನಕ್ಕೆ ಹತ್ತೇ ನಿಮಿಷ ಮಾತಾಡಿ ಅಂದಿದ್ದಾರೆ. ಪೆನ್ಸಿಲ್ ತಗೊಳ್ಳಿ. ನಾನು ಓದ್ತೀನಿ, ನೀವು ನೋಡಿ.’

ಧ್ವನಿ ಸ್ವಲ್ಪ ಒರಟಾಗಿತ್ತು. ಅಬ್ಬಾ, ಆದರೂ ಎಂಥ ಧ್ವನಿ! ನನ್ನ ಮುಂದೆ ದುಂಡಗಿನ ಅಕ್ಷರದಲ್ಲಿ ಬರೆದ ಎರಡು ಹಾಳೆ ಇಟ್ಟಳು. ಅಂಥವೇ ಎರಡು ಅವಳ ಕೈಯಲ್ಲಿದ್ದವು. ಓದತೊಡಗಿದಳು, ಮುಲಾಮಿನ ಕಾಗದ ಓದುವಷ್ಟೇ ಗಂಭೀರವಾಗಿ.

‘ಒಂದನೇ ಸಲ. ನೋಡಿ, ಅಲ್ಪವಿರಾಮ, ನಾವು ಒಂಬತ್ತು ವರ್ಷದಿಂದ, ಅಲ್ಪವಿರಾಮ, ಅಂದ್ರೆ ನಾನು ಆರು ವರ್ಷದಿಂದ, ಇಲ್ಲಿ ಕೆಮ್ಮು, ಥೂ. ಎರಡನೇ ಸಲ. ನೀವು ಓದೋದು ನಿಲ್ಲಿಸಿದ ಮೇಲೂ ಮನೇಲಿ ನನಗೆ ಕೇಳಿಸ್ತಾ ಇರುತ್ತೆ, ಪೂರ್ಣವಿರಾಮ. ಇದು ಚೆನ್ನಾಗಿದೆ, ಇಟ್ಕೋಬೇಕು, ಇದೂ ಮೂಲದಲ್ಲೇ ಇದೆ...’

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ, ನಂಬಿ, ಪೆನ್ಸಿಲ್ ತನ್ನಷ್ಟಕ್ಕೆ ಸಾಲಿನ ಕೆಳಗೆ ಓಡುತ್ತಿತ್ತು. ಒಂದೂ ತಪ್ಪಿರಲಿಲ್ಲ.

‘ಆರನೇ ಸಲ. ನನ್ನಿಂದ ಆಗಬಹುದಾದ ಅಡ್ಡ ಪರಿಣಾಮಗಳು, ಎರಡು ಚುಕ್ಕಿ, ಗೊರಕೆ, ಅಲ್ಪವಿರಾಮ, ಎಲ್ಲದರಲ್ಲೂ ತಪ್ಪು ಹುಡುಕೋದು. ಹೊರಗಿನಿಂದ ಹೆಂಗಸಿನ ಧ್ವನಿ: ಯಾರ ಜೊತೆನೋ ಮಾತು? ಉತ್ತರ: ಯಾರೂ ಇಲ್ಲಮ್ಮ. ಹೆಂಗಸಿನ ಧ್ವನಿ: ಯಾರೂ ಇಲ್ದಿದ್ರೆ ಬಂದು ಬಟ್ಟೆ ಒಣಗಾಕು.’

ಇಲ್ಲಿ ಅವಳಿಗೆ ತಡೆಯಲಾಗಲಿಲ್ಲ. ನಕ್ಕಳು. ಒಂದು ವಾರದ ನಂತರ ಸದ್ದಿರುವ ನಗು! ನನಗೂ ನಗು ಬಂದುಬಿಟ್ಟಿತು.

‘ಯಾವಾಗ ಬಂತು ಇದು?’ ಅಂದೆ.

‘ಸೋಮವಾರ. ಮನೆಗೆ ಹೋಗುವಾಗ ಬಸ್ಸಲ್ಲಿ. ಹತ್ತಿ ನಾಲ್ಕೇ ಹಾಡಾದ ಮೇಲೆ. ರಾತ್ರಿಯೆಲ್ಲ ಹಿಂದಕ್ಕೆ ಓಡಿಸಿ ಓಡಿಸಿ ಬರ್ಕೊಂಡೆ.’

‘ಸೋಮವಾರಾನಾ? ಹಾಗಾದ್ರೆ ಇಡೀ ವಾರ ನನ್ನನ್ನ... ಒಂದು ಚೀಟಿ ಬರೀಬಹುದಿತ್ತಲ್ರೀ! ತಬಲಾದವನು ಸೀನಿದ್ದಕ್ಕೆ ಚೀಟಿ ಬರೆದ್ರಿ!’

‘ಸೀನಿದ್ದಕ್ಕೆ ಚೀಟಿ ಸಾಕು’ ಅಂದಳು. ‘ಇದಕ್ಕೆ ನಾನೇ ಬಾಯಿಬಿಟ್ಟು ಹೇಳ್ಬೇಕಿತ್ತು. ನೀವು ನನ್ನ ಧ್ವನಿನ ತಾನೇ ಮೆಚ್ಚಿದ್ದು? ಅದಕ್ಕೇ ಕಾದೆ. ಮಧ್ಯೆ ಮಾತಾಡ್ಬೇಡಿ, ಐದೇ ನಿಮಿಷ ಉಳಿದಿದೆ.’

ಹನ್ನೊಂದನೆಯ ಸಲದವರೆಗೂ ಓದಿದಳು. ಕೊನೆಯ ಹಾಳೆಯ ಕೊನೆಯಲ್ಲಿ ಅರ್ಧ ಸಾಲು ಖಾಲಿಯಿತ್ತು. ಅದರ ಪಕ್ಕದಲ್ಲಿ ಅವಳೇ ಒಂದು ದೊಡ್ಡ ಪ್ರಶ್ನಾರ್ಥಕ ಹಾಕಿದ್ದಳು.

‘ಇಲ್ಲೇನೋ ಬಿಟ್ಟುಹೋಗಿದೆ. ನಾನು ಆರು ದಿನ ಹುಡುಕಿದೆ. ನೀವು ಮಧ್ಯೆ ಅಳಿಸಿಬಿಟ್ರೆ ಅಂತ ಲಾಕ್ ಬೇರೆ ಹಾಕಿಟ್ಟೆ. ಹನ್ನೊಂದು ಸಲದಲ್ಲೂ ಪೀಠಿಕೆ ಇದೆ, ಕೆಮ್ಮು ಇದೆ, ನಿಮ್ಮಮ್ಮನೂ ಇದ್ದಾರೆ. ಕೇಳ್ಬೇಕಾದ್ದನ್ನ ನೀವು ಒಂದ್ಸಲಾನೂ ಕೇಳೇ ಇಲ್ಲ.’

ಹಾಳೆ ನೋಡಿದೆ. ಹೌದು! ಪ್ರಶ್ನೆಯೇ ಇರಲಿಲ್ಲ. ಒಂಬತ್ತು ವರ್ಷದಲ್ಲಿ ನಾನು ಬಿಟ್ಟ ಮೊದಲ ತಪ್ಪು. ಪೆನ್ಸಿಲ್ ಕೆಳಗಿಟ್ಟೆ. ಈ ಸಲ ಕೆಮ್ಮು ಬರಲಿಲ್ಲ.

‘ನನ್ನನ್ನ ಮದುವೆ ಆಗ್ತೀರಾ?’

‘ಆಗ್ತೀನಿ’ ಅಂದಳು, ಡಾಕ್ಟರು ಕೇಳಿಸಿಕೊಂಡಿದ್ದರೆ ಬೈಯುವಷ್ಟು ಗಟ್ಟಿಯಾಗಿ. ಕೆಳಗೆ ಮಷೀನ್ ಮಾಮ ಯಂತ್ರ ನಿಲ್ಲಿಸಿ ‘ಯಾರು? ಏನಾಗ್ತೀರಿ?’ ಎಂದು ಕೂಗಿದ್ದು ಕೇಳಿಸಿತು. ಅವಳು ಗಡಿಯಾರ ನೋಡಿದಳು.

‘ಇನ್ನೂ ಎರಡು ನಿಮಿಷ ಇದೆ’ ಅಂದಳು. ‘ಇನ್ನೊಂದ್ಸಲ ಕೇಳಿ.’

ಇನ್ನೊಂದು ಸಲ ಕೇಳಿದೆ.